ನೆಲಕ್ಕೆ ಹಾಸಿದ ಕೌದಿ

ಹೋದ ತಿಂಗಳು ತೀರಿಕೊಂಡ ಬಸವಲಿಂಗಪ್ಪನ ಬಗ್ಗೆ ಒಳ್ಳೆಯದನ್ನಷ್ಟೇ ಹೇಳಿದರೆ ಅದು ಅವನಾಗುವುದಿಲ್ಲ. ಅವನು ಜಗಳಗಂಟ. ನಾರಾಯಣಗೂಡದ ಕೋಚಿಂಗ್ ಸೆಂಟರಿನಲ್ಲಿ ಹತ್ತೊಂಬತ್ತು ವರ್ಷ ಇಂಗ್ಲಿಷ್ ಕಲಿಸಿ, ಮಾಲೀಕನೊಡನೆ ಕೆಡಿಸಿಕೊಂಡು, ನಲವತ್ತಾರರಲ್ಲಿ ಗಚ್ಚಿಬೌಲಿಯ ಕಂಪನಿಯೊಂದಕ್ಕೆ ಸೇರಿದ. ಆಗ ಐಟಿಯ ಭರಾಟೆ; ಇಂಗ್ಲಿಷ್ ಬಂದವರಿಗೆಲ್ಲ ಕುರ್ಚಿ ಸಿಗುತ್ತಿತ್ತು. ಅಮೆರಿಕದ ಅಂಗಡಿಯೊಂದರ ಮನೆಸಾಮಾನಿನ ಫೋಟೋಗಳು ಬರುತ್ತಿದ್ದವು. ಇದು ಪೇಲೋ ಬಕೆಟ್ಟೋ, ಸೋಫಾವೋ ಕೌಚೋ, ಒಂದು ಹೆಸರು ಆರಿಸಿ ಹಚ್ಚುವುದು ಕೆಲಸ. ಆರು ತಿಂಗಳು ಮುಗಿದರೆ ನೌಕರಿ ಕಾಯಂ. ಆ ವಯಸ್ಸಿನಲ್ಲಿ ಇನ್ನೊಂದು ಬಾಗಿಲು ತೆರೆಯುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಅವನ ಮೇಲೆ ಟೀಮ್ ಲೀಡ್ ಆಗಿದ್ದವಳು ಬೀದರಿನ ಕಾವ್ಯಾ, ಇಪ್ಪತ್ತೈದರ ಹುಡುಗಿ. ಮೊದಲ ದಿನದಿಂದಲೇ ಇಬ್ಬರಿಗೂ ಆಗಿಬರಲಿಲ್ಲ.

"ಸರ, ಒಂದ್ ಬಕೆಟ್ಟಿಗೆ ಇಪ್ಪತ್ತು ನಿಮಿಷ ತಗೊಂಡೀರಿ. ಜಳಕ ಮಾಡಾಕತ್ತಿದ್ರೇನು?"

ಐದನೆಯ ತಿಂಗಳ ಕೊನೆಗೆ ಒಂದು ಕೌದಿಯ ಫೋಟೋ ಬಂತು. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದದ್ದು. ಅದನ್ನು ಮೇಜಿನ ಕೆಳಗೆ ನೆಲಕ್ಕೆ ಹಾಸಿದ್ದರು. ಆರಿಸಲು ರಗ್, ಮ್ಯಾಟ್, ಬ್ಲಾಂಕೆಟ್, ಕ್ವಿಲ್ಟ್ ಇದ್ದವು. ಅವನು ಹೊದೆಯುವ ಕ್ವಿಲ್ಟ್ ಎಂದು ಹಚ್ಚಿದ. ಕಾವ್ಯಾ ಅಳಿಸಿ ನೆಲಕ್ಕೆ ಹಾಸುವ ರಗ್ ಮಾಡಿದಳು.

"ನೆಲದ ಮ್ಯಾಗ ಐತಿ, ರಗ್. ಮುಂದಿಂದು ನೋಡ್ರಿ."

"ಮೂಲಿ ನೋಡು, ಉಬ್ಬೇತಿ. ಕೌದಿ ಮುಗಿಸೂ ಮುಂದ ಕಡೀ ಮೂಲ್ಯಾಗ ರೊಟ್ಟಿ ಚೂರು ಇಟ್ಟು ಹೊಲೀತಾರ, ಅದು ಹಸ್ದಿರಬಾರದು ಅಂತ. ಉಣಿಸಿದ್ದನ್ನ ತುಳೀತಾರೇನು?"

"ಅಮೆರಿಕಾದವ್ರು ರೊಟ್ಟಿ ಹುಡುಕಾಂಗಿಲ್ರಿ."

ಸುತ್ತಲಿನವರು ನಕ್ಕರು. ಅವನು ಮತ್ತೆ ಕ್ವಿಲ್ಟ್ ಮಾಡಿದ. ಅವಳು ಮತ್ತೆ ರಗ್. ಮೂರನೆಯ ಸಲ ನೋಡಿದರೆ ಅವಳು ಆ ಫೈಲೇ ಅವನಿಗೆ ತೆರೆಯದಂತೆ ಮಾಡಿದ್ದಳು.

ಅಮೆರಿಕದವರಿಗೆ ನೇರವಾಗಿ ಬರೆಯಕೂಡದೆನ್ನುವುದು ಅಲ್ಲಿಯ ಮೊದಲ ನಿಯಮ. ಅವನು ಬರೆದ. ಇದರಲ್ಲಿ ಯಾರೋ ಹೆಂಗಸು ಉಟ್ಟ ಸೀರೆಗಳಿವೆ, ಹೊದೆಯುವವರಿಗೆ ಮಾರಿ ಎಂದ. ಎರಡು ದಿನದಲ್ಲಿ ಅವರು ಹೆಸರು ಬದಲಿಸಿದರು. ಅವನ ಪತ್ರವನ್ನು ಕಾವ್ಯಾಳ ಮೇಲಿನವರಿಗೂ ಮುಟ್ಟಿಸಿದರು.

ಅಂದೇ ಅವನನ್ನು ಕೆಲಸದಿಂದ ತೆಗೆದರು. ಸಂಜೆ ಗೇಟಿನವರೆಗೆ ಅವಳೇ ಬಂದಳು.

"ನಿಮ್ಮವ್ವ ಹೊಲಿದಿದ್ರ ನೆಲಕ್ಕ ಹಾಸ್ತಿದ್ದಿಯೇನು?" ಎಂದ ಅವನು.

"ನಮ್ಮವ್ವ ಹೊಲಿಯಾಂಗಿಲ್ರಿ. ನಿಮ್ಮಿಂದ ನನ್ನ ನೌಕರಿನೂ ಹೋಗ್ತಿತ್ತು. ಕಾರ್ಡ್ ಕೊಡ್ರಿ."

ಅವನು ಕೊರಳಿನ ಕಾರ್ಡ್ ತೆಗೆದ. ಅವಳು ಚಾಚಿದ ಕೈಗೆ ಕೊಡದೆ ವಾಚ್‌ಮನ್ನನ ಸ್ಟೂಲಿನ ಮೇಲಿಟ್ಟು, ದಿಲ್‌ಸುಖ್‌ನಗರದ ಬಸ್ಸಿಗೆ ನಡೆದ.