ದೇವರ ಮನೆಯಲ್ಲಿ ಕೂತು ಮನೆ ಮಾರಿದ್ದು

ವೈದ್ಯನಾಥಪುರದಲ್ಲಿ ಕಟ್ಟಿಸುತ್ತಿದ್ದ ಮನೆಯ ಕೆಲಸ ದುಡ್ಡಿಲ್ಲದೆ ನಿಂತಿತ್ತು. ಗುತ್ತಲಿನ ಹಳೇ ಮನೆ ಮಾರಲೇಬೇಕಿತ್ತು. ಬಂದವರಿಗೆಲ್ಲ ಹಿಂದಿನ ಗೋಡೆಯ ವಿಷಯ ನಾನೇ ಹೇಳಿ, ವ್ಯಾಪಾರ ಕೆಡಿಸಿದ್ದೆ.

ನಮ್ಮ ಬ್ರೋಕರ್ ಪಳಗಿದ ಆಸಾಮಿ. "ಯಜಮಾನ್ರೇ, ಇವತ್ತು ಪಾರ್ಟಿ ಬಂದಾಗ ನೀವು ದೇವ್ರ ಮನೇಲಿ ಪೂಜೆಗೆ ಕುಂತ್ಬುಡಿ. ಮಾತು ನಂಗ್ ಬುಡಿ" ಅಂದ. ಹಾಗೇ ಕೂತೆ.

ಮನೆ ನೋಡಲು ಮಗನೊಡನೆ ಬಂದ ಅಜ್ಜಿ ನೆಟ್ಟಗೆ ದೇವರ ಮನೆಗೇ ಬಂದು ಕೈಮುಗಿದರು. "ದೇವ್ರ ಮುಂದೆ ಕುಂತಿದ್ದೀರಿ, ಸುಳ್ಳೇಳಲ್ಲ. ಮನೆ ಸೋರ್ತದಾ ಸ್ವಾಮಿ?"

"ಮಳೆಗಾಲದಲ್ಲಿ ಹಿಂದ್ಲ ಗೋಡೆ ಒದ್ದೆಯಾಯ್ತದೆ ಕಣಮ್ಮ."

ಬ್ರೋಕರ್ ತಲೆ ಮೇಲೆ ಕೈ ಇಟ್ಟುಕೊಂಡ.

"ಅಷ್ಟೇಯಾ? ಗಾರೆ ಮಾಡಿಸ್ಕೋತೀವಿ ಬುಡಿ" ಎಂದ ಅಜ್ಜಿ, ಮಗನಿಂದ ಅಲ್ಲೇ ಎಲೆಯಡಿಕೆಯ ಮೇಲೆ ಅಡ್ವಾನ್ಸ್ ಇಡಿಸಿದರು.

ಬ್ರೋಕರ್ ಕೈ ಇಳಿಸಿ, "ಅದುಕ್ಕೇ ಕಣಮ್ಮ ನಾನು ಇವ್ರನ್ನ ಇಲ್ಲಿ ಕೂರ್ಸಿದ್ದು!" ಅಂದ.

ಅವನಿಗೆ ಕಮಿಷನ್ ಕೊಡುವಾಗ ನನಗೆ ಒಂಚೂರೂ ಬೇಸರವಾಗಲಿಲ್ಲ.