ಪುಟ್ಟಲಕ್ಷ್ಮಮ್ಮನವರ ಮೋಟರ್ ಪಂಚಾಯ್ತಿ

ನಮ್ಮ ಓನರ್ ಆಂಟಿ ಪುಟ್ಟಲಕ್ಷ್ಮಮ್ಮನವರು ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ಮೋಟರ್ ಹಾಕುತ್ತಿರಲಿಲ್ಲ. ವಿಜಯನಗರದ ಆ ಮನೆಯಲ್ಲಿ ಸಂಪಿನ ನೀರನ್ನು ಮೇಲಿನ ಟ್ಯಾಂಕಿಗೆ ಹತ್ತಿಸುವ ಸ್ವಿಚ್ಚು ಅವರ ಅಡುಗೆಮನೆಯಲ್ಲಿ, ಮಿಕ್ಸಿಯ ಹಿಂದೆ ಇತ್ತು. ನಲ್ಲಿ ಒಣಗಿತೆಂದರೆ ಬಾಡಿಗೆಯವರು ಪ್ಲಂಬರನ್ನು ಕರೆಯುತ್ತಿರಲಿಲ್ಲ, ತಾವು ಮಾಡಿದ ತಪ್ಪೇನೆಂದು ನೆನಪಿಸಿಕೊಳ್ಳುತ್ತಿದ್ದರು. ಗೇಟು ತೆರೆದಿಟ್ಟು ಹೋದರೆ ಒಂದು ಹೊತ್ತು, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರೆ ಇನ್ನೊಂದು ಹೊತ್ತು. ಇಷ್ಟು ಶಿಸ್ತು ನನಗೆ ಸ್ಕೂಲಿನಲ್ಲೂ ಬಂದಿರಲಿಲ್ಲ.

ನೈಟಿಯ ಮೇಲೊಂದು ಟವೆಲ್ ಹೊದ್ದು, ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರು ದಿನವಿಡೀ ಲೋಕದ ಉಸ್ತುವಾರಿ ನೋಡುತ್ತಿದ್ದರು. ಗಂಡ ಫ್ಯಾಕ್ಟರಿಗೆ ಹೋಗುತ್ತಿದ್ದ ಕಾಲದಲ್ಲಿ ತಾವೇ ಮೇಸ್ತ್ರಿಯ ತಲೆ ಮೇಲೆ ನಿಂತು ಕಟ್ಟಿಸಿದ ಮನೆ ಅದು. ಹಾಗಾಗಿ ಅವರಿಗೆ ಪ್ರಪಂಚದ ಎಲ್ಲ ವಿಷಯವೂ ಕಟ್ಟಡವೇ. ಮಗಳನ್ನು ನೋಡಲು ಬಂದ ವರನನ್ನೂ "ಪಾಯ ಗಟ್ಟಿ ಐತೆ, ಫಿನಿಷಿಂಗ್ ಸಾಲ್ದು" ಎಂದೇ ಒಪ್ಪಿಕೊಂಡರಂತೆ. ಅಳಿಯನನ್ನು ನಾನು ನೋಡಿದ್ದೇನೆ, ಆ ಮಾತಿನಲ್ಲಿ ತೆಗೆದುಹಾಕುವಂಥದ್ದೇನೂ ಇಲ್ಲ.

ಅವರ ಪಂಚಾಯ್ತಿಗೆ ನಾನು ಸಿಕ್ಕಿಕೊಂಡದ್ದು ಬಸುವಿನಿಂದ. ಬಾಗಲಕೋಟೆ ಕಡೆಯ ಬಸು ಟೆರೇಸಿನ ಶೀಟ್ ರೂಮಿನಲ್ಲಿದ್ದ. ಯಾವ ಕಂಪನಿಗೂ ಸೇರದೆ ಲ್ಯಾಪ್‌ಟಾಪ್ ಮುಂದೆ ಕೂತು ಡಿಸೈನ್ ಮಾಡಿಕೊಡುತ್ತಿದ್ದ. ನಾನು ಮೊದಲ ಮಹಡಿಯಲ್ಲಿ, ಆಡಿಟರ್ ಆಫೀಸಿನ ಕೆಲಸಕ್ಕೆ ನಮಸ್ಕಾರ ಹೊಡೆದು ಪುಡಿ ವ್ಯಾಪಾರ ಶುರು ಮಾಡಿದ್ದೆ. ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ, ಹುರಿಹಿಟ್ಟು. ನಾಗರಬಾವಿಯ ಒಂದು ಅಪಾರ್ಟ್‌ಮೆಂಟಿನವರು ಯುಗಾದಿ ಸಂತೆಯಲ್ಲಿ ಮಳಿಗೆ ಕೊಡಲು ಒಪ್ಪಿದ್ದರು, ಆದರೆ ಪ್ಯಾಕೆಟ್ಟಿನ ಮೇಲೆ ಪ್ರಿಂಟಾದ ಲೇಬಲ್ ಇರಲೇಬೇಕು. ಆ ಸಂತೆ ತಪ್ಪಿದರೆ ಆಡಿಟರ್ ಎದುರು ಹಲ್ಲು ಕಿರಿಯುತ್ತ ವಾಪಸ್ ನಿಲ್ಲುವುದೇ ನನಗಿದ್ದ ದಾರಿ.

ನಾಲ್ಕು ಲೇಬಲ್ಲಿಗೆ ಬಸುವಿಗೆ ಅಡ್ವಾನ್ಸ್ ಕೊಟ್ಟೆ. ಮಹಾಶಯ ಎರಡು ಮಾಡಿ ತೋರಿಸಿ, ಪೂರ್ತಿ ದುಡ್ಡು ಕೊಟ್ಟರೆ ಮಾತ್ರ ಮುಂದಿನದು ಎಂದು ಕೈಕಟ್ಟಿ ಕೂತ. ಕೆಲಸ ಮುಗಿಸದೆ ಬಿಡಿಗಾಸಿಲ್ಲ, ಅಡ್ವಾನ್ಸೂ ವಾಪಸ್ ಇಡು ಎಂದೆ ನಾನು. ಮೆಟ್ಟಿಲ ಮೇಲೆ ನಮ್ಮಿಬ್ಬರ ದನಿ ಏರಿತು. ಸ್ವಲ್ಪ ಹೊತ್ತಿಗೆ ನಲ್ಲಿ ಗೊರಗೊರ ಎಂದು ನಿಂತಿತು.

ಬಕೆಟ್ ಹಿಡಿದು ಇಬ್ಬರೂ ಕೆಳಗಿಳಿದೆವು. ಆಂಟಿ ಕುರ್ಚಿಯಲ್ಲಿ ಅವರೆಕಾಳು ಹಿಸುಕುತ್ತಿದ್ದರು.

"ಏನಪ್ಪ, ಕೆಲ್ಸ ಯಾಕ್ ನಿಲ್ಸಿದೀಯ?"

"ನೋಡ್ರಿ ಆಂಟಿ, ಅಕ್ಕಾರು ಮುಂಜಾನೆ ಕೆಂಪ ಬೇಕಂತಾರ. ಸಂಜಿಗೆ ಮೆಣಸಿನಕಾಯಿ ಕೆಂಪ ಅಂತಾರ. ಮರುದಿನ ಬ್ಯಾಡಗಿ ಕೆಂಪ ಅಂತಾರ. ನಾ ಎಷ್ಟ್ ಸಲ ಮಾಡ್ಲಿ?"

ನನಗಂತೂ ನನ್ನ ಕೆಂಪು ನ್ಯಾಯವಾದ ಬೇಡಿಕೆಯಾಗಿಯೇ ಕಂಡಿತ್ತು. ಆಂಟಿ ನನ್ನ ಕಡೆ ತಿರುಗಿದರು. "ಗೋಡೆ ಎದ್ದಿದ್ರೆ ಗೋಡೆ ದುಡ್ಡು ಕೊಡ್ಬೇಕು ಕಣಮ್ಮ. ಪ್ಲಾಸ್ಟರ್ ಆಗ್ದಿದ್ರೆ ಪ್ಲಾಸ್ಟರ್ ದುಡ್ಡಿಲ್ಲ. ಎರಡು ಎದ್ದವೆ. ಅಡ್ವಾನ್ಸ್ ಕಳೆದು ಎರಡರ ದುಡ್ಡು ಕೊಡು. ಲೇ, ನೀನು ಮಾಡಿರೋದ್ನ ಅವಳಿಗೆ ಕೊಟ್ಬುಡು. ಮಿಕ್ಕಿದ್ದು ಯಾರತ್ರನಾದ್ರೂ ಮಾಡಿಸ್ಕೊತಾಳೆ."

ಯಾರು ಮೊದಲು ಕೊಡಬೇಕು ಎಂಬಲ್ಲಿ ಮತ್ತೆ ಜಗಳ ಹತ್ತಿತು. ಆಂಟಿ ಎದ್ದು ನನ್ನ ದುಡ್ಡು, ಬಸು ಲೇಬಲ್ ಹಾಕಿ ತಂದ ಪೆನ್‌ಡ್ರೈವ್ ಎರಡನ್ನೂ ಕಿತ್ತುಕೊಂಡು ದೇವರ ಮುಂದಿಟ್ಟರು. ಎರಡಕ್ಕೂ ಅರಿಶಿನ ಕುಂಕುಮ ಹಚ್ಚಿ, ಕೈಮುಗಿಸಿ, ಅವನದು ನನಗೆ, ನನ್ನದು ಅವನಿಗೆ ಕೊಟ್ಟರು. ಪೆನ್‌ಡ್ರೈವಿಗೆ ಮುಖ ಯಾವುದೆಂದು ನೋಡಿ, ಸರಿಯಾಗಿ ಅದರ ಬಾಯಿಗೇ ಹಚ್ಚಿದ್ದರು.

ಪ್ರಿಂಟಿಂಗ್ ಅಂಗಡಿಯವನು ಅದನ್ನು ಎಷ್ಟು ಸಲ ತೂರಿಸಿದರೂ ಕಂಪ್ಯೂಟರ್ ಜಪ್ಪಯ್ಯ ಅನ್ನಲಿಲ್ಲ. ಖಾಲಿ ಡಬ್ಬಿ ಕೊಟ್ಟು ದುಡ್ಡು ಹೊಡೆದ ಎಂದು ನಾನು ಟೆರೇಸಿಗೆ ಹತ್ತಿ ಬಸುವಿನ ಜನ್ಮ ಜಾಲಾಡಿದೆ. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, ಕೆಳಗೆ ಒಯ್ದು ಆಂಟಿಗೆ ತೋರಿಸಿದ. ಬಾಯಿತುಂಬ ಕುಂಕುಮ.

ಪುಟ್ಟಲಕ್ಷ್ಮಮ್ಮನವರು ತಪ್ಪು ಒಪ್ಪಿಕೊಂಡದ್ದನ್ನು ಕಂಡವರು ಆ ಬೀದಿಯಲ್ಲಿ ಯಾರೂ ಇಲ್ಲ. ಆವತ್ತೂ ಒಪ್ಪಿಕೊಳ್ಳಲಿಲ್ಲ. "ಅರ್ಧಂಬರ್ಧ ಕೆಲ್ಸ ದೇವ್ರಿಗೆ ಒಪ್ಗೆ ಇಲ್ಲ. ನಾಲ್ಕೂ ಮುಗಿಸಿ ಒಟ್ಟಿಗೆ ಹಾಕ್ಕೊಡು" ಎಂದರು. ಬಸು ತಲೆ ಕೆರೆದುಕೊಂಡ. "ಇನ್ನೆರಡರ ದುಡ್ಡು ನಂಗ್ ಕೊಡೋ ಈ ತಿಂಗಳ ಬಾಡಿಗೇಲಿ ಹಿಡ್ಕೋ ಹೋಗು" ಎಂದರು ಆಂಟಿ. ಆಮೇಲೆ ನನಗೆ, "ಇನ್ನೊಂದ್ ಸಲ ಕೆಂಪು ಅಂದ್ರೆ ನೋಡು!"

ನಾನು ಅನ್ನಲಿಲ್ಲ. ಸಂತೆಯಲ್ಲಿ ಪ್ಯಾಕೆಟ್ಟುಗಳೆಲ್ಲ ಖರ್ಚಾದವು, ತಿಂಗಳ ಆರ್ಡರೂ ಸಿಕ್ಕಿತು. ಆಡಿಟರ್ ಆಫೀಸಿನ ಮುಖ ನಾನು ಮತ್ತೆ ನೋಡಿಲ್ಲ.

ಆಮೇಲೆ ಆಂಟಿ ಬಿದ್ದು ಸೊಂಟ ಮುರಿದುಕೊಂಡರು. ಮಗಳು ಕೆಂಗೇರಿಗೆ ಕರೆದುಕೊಂಡು ಹೋದಳು. ಹುರಿಹಿಟ್ಟಿನ ಪ್ಯಾಕೆಟ್ ಹಿಡಿದು ನೋಡಲು ಹೋದೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ನನ್ ಫೋಟೋ ಹಾಕ್ಬೋದಿತ್ತು" ಎಂದರು. ಆಮೇಲೆ ದನಿ ತಗ್ಗಿಸಿ, "ನೀರು ಬತ್ತೈತಾ?" ಎಂದು ಕೇಳಿದರು.

"ನಿಮ್ಮ ಮಗಳು ಆಟೋಮ್ಯಾಟಿಕ್ ಹಾಕ್ಸಿದಾರೆ ಆಂಟಿ. ಯಾವಾಗ್ಲೂ ಬರುತ್ತೆ."

"ಯಾವಾಗ್ಲೂನಾ?" ಎಂದವರು ಗೋಡೆ ಕಡೆ ಮುಖ ಮಾಡಿಕೊಂಡರು. ಅದೇ ಕೊನೆಯ ಭೇಟಿ. ಅವರು ಹೋದ ಸುದ್ದಿ ಬಂದ ದಿನ ನಾನು ಒಲೆ ಹಚ್ಚಲಿಲ್ಲ. ಅಷ್ಟು ಕಾಡಿದ ಹೆಂಗಸಿಗಾಗಿ ಅಷ್ಟು ಅತ್ತೆನಲ್ಲ ಎಂದು ನನಗೇ ಆಶ್ಚರ್ಯ.

ಮೊನ್ನೆ ಬಸು ಪುಳಿಯೋಗರೆ ಗೊಜ್ಜಿನ ಲೇಬಲ್ಲನ್ನು ಎಂದಿನಂತೆ ಅರ್ಧಕ್ಕೆ ನಿಲ್ಲಿಸಿ ದುಡ್ಡು ಕೇಳಿದ. ನಾನು ಕೆಳಗಿನ ಬಾಗಿಲ ಕಡೆ ನೋಡಿದೆ, ಹಾಕಿದ ಬೀಗ. ಕೇಳಿದಷ್ಟನ್ನೂ ಅವನ ಕೈಗಿಟ್ಟೆ.

"ಯಾಕ್ರೀ ಅಕ್ಕಾರ, ಇವತ್ತ ಬೈಯಂಗಿಲ್ಲೇನು?"

"ಯಾರಿಗೆ ಕೇಳಿಸ್ಬೇಕು ಬಸು?"

ಅವನೂ ಕೆಳಗಿನ ಬೀಗದ ಕಡೆ ನೋಡಿದ. ಆಮೇಲೆ ದುಡ್ಡನ್ನು ನನ್ನ ಕೈಗೇ ವಾಪಸ್ ಇಟ್ಟು, ಮೊದಲು ಮುಗಿಸುತ್ತೇನೆಂದು ಮೇಲೆ ಹೋದ.