ಎರಡನೆಯ ಸಾಲು

ನನಗೆ ಕೊರಿಯನ್ ಭಾಷೆಯ ಹನ್ನೊಂದು ಹಾಡು ಬರುತ್ತವೆ. ಆ ಭಾಷೆಯಲ್ಲಿ 'ನನಗೆ ಹಸಿವಾಗಿದೆ' ಅನ್ನಲು ಮಾತ್ರ ಇವತ್ತಿಗೂ ಬರುವುದಿಲ್ಲ. ನಗುವವರು ನಗಲಿ, ನಾನೇ ಎಷ್ಟೋ ಸಲ ನಕ್ಕಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ವಾಡಿಯಲ್ಲಿ ಒಂದು ಸಿಮೆಂಟ್ ಕಾರ್ಖಾನೆಯ ಕಾಲೊನಿ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ವಯಸ್ಸು ಮೂವತ್ತೇಳು, ಮದುವೆಯಾಗಿರಲಿಲ್ಲ, ಎರಡು ಖೋಲಿಯ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇದ್ದೆ. ಅವ್ವ ಚಿತ್ತಾಪುರದಲ್ಲಿ ಅಣ್ಣನ ಮನೆಯಲ್ಲಿದ್ದಳು. ಶಾಲೆ ಬಿಟ್ಟು ಬಂದು ಬೀಗ ತೆಗೆದರೆ ಮರುದಿನದ ಪ್ರಾರ್ಥನೆಯವರೆಗೆ ನನ್ನ ಬಾಯಿಗೆ ಕೆಲಸವಿರುತ್ತಿರಲಿಲ್ಲ. ಕಾಲೊನಿಯ ಹೆಂಗಸರು ಕೆಟ್ಟವರಲ್ಲ. ಆದರೆ ಅವರ ಮಾತೆಲ್ಲ ಗಂಡ, ಮಕ್ಕಳು, ಅತ್ತೆಯ ಸುತ್ತ. ಹೂಂಗುಟ್ಟಿ ಹೂಂಗುಟ್ಟಿ ಸಾಕಾಗಿ ಅವರ ಕಟ್ಟೆಗೆ ಹೋಗುವುದನ್ನೇ ಬಿಟ್ಟಿದ್ದೆ. ನನಗೆ ಮಾತಿಗೆ ಯಾರಾದರೂ ಬೇಕಾಗಿತ್ತು. ಒಬ್ಬರೇ ಸಾಕಾಗಿತ್ತು.

ಆ ವರ್ಷ ಕಾರ್ಖಾನೆಗೆ ಹೊಸ ಯಂತ್ರ ಕೂಡಿಸಲು ಕೊರಿಯಾದಿಂದ ಒಬ್ಬ ಇಂಜಿನಿಯರ್ ಬಂದ, ಜೊತೆಗೆ ಅವನ ಹೆಂಡತಿ. ನಮ್ಮ ಸಾಲಿನ ಕೊನೆಯ ಮನೆಯನ್ನು ಅವರಿಗೆ ಕೊಟ್ಟರು. ಆಕೆ ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಇಂಗ್ಲಿಷ್ ಆಕೆಗೆ ನಾಲ್ಕು ಮಾತು ಬರುತ್ತಿತ್ತು, ನನಗೆ ಹದಿನಾಲ್ಕು.

ಶ್ರಾವಣದ ಒಂದು ಶುಕ್ರವಾರ ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಆಕೆಯನ್ನೂ ಕರೆದರು. ನಮ್ಮ ಮಂದಿಯಲ್ಲಿ ಆರತಿಯ ಮುಂದೆ ಬಂದವರೆಲ್ಲ ಒಂದೊಂದು ಹಾಡು ಹೇಳಲೇಬೇಕು. ಮನೆಯಾಕೆ, "ಟೀಚರ್, ಆಕಿಗೂ ಒಂದು ಹಾಡು ಹೇಳಂತ ಹೇಳ್ರಿ. ಹಾಡಸದ ಹ್ಯಾಂಗ ಕಳಸೋದು?" ಎಂದಳು. ನಾನು ಬಾಯಿಯ ಮುಂದೆ ಕೈಯಾಡಿಸಿ ತೋರಿಸಿದೆ. ಆಕೆ ನಾಚಿದಳು, ಆಮೇಲೆ ಕಣ್ಣು ಮುಚ್ಚಿ ಹಾಡಿದಳು. ಒಂದು ಶಬ್ದವೂ ತಿಳಿಯಲಿಲ್ಲ. ಆದರೆ ಸಾಲು ಎಲ್ಲಿ ಮುಗಿಯುತ್ತದೆ, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂಬುದೆಲ್ಲ ತಿಳಿಯಿತು. ಮರುದಿನವೇ ಒಂದು ನೋಟ್‌ಬುಕ್ ಹಿಡಿದುಕೊಂಡು ಆಕೆಯ ಮನೆಗೆ ಹೋದೆ.

ನನಗೆ ಗೊತ್ತಿದ್ದ ಪಾಠದ ಕ್ರಮ ಒಂದೇ, ಅವ್ವನದು. ಚಿಕ್ಕಂದಿನಲ್ಲಿ ಅವ್ವ ಬೆಳಗ್ಗೆ ಮೊಸರು ಕಡೆಯುತ್ತ ಹಾಡಿನ ಮೊದಲ ಸಾಲು ಹೇಳುವಳು, ಎರಡನೆಯ ಸಾಲು ನಾನು ಹಿಡಿಯಬೇಕು. ಹಿಡಿಯದಿದ್ದರೆ ಮೊದಲ ಸಾಲನ್ನೇ ಮತ್ತೆ ಮತ್ತೆ ಹೇಳುವಳು, ನಾನು ಬಾಯಿ ಬಿಡುವತನಕ ಮುಂದೆ ಹೋಗುತ್ತಿರಲಿಲ್ಲ. ಅರ್ಥ ಕೇಳಿದರೆ, "ಮೊದಲ ಬಾಯಿಗಿ ಬರ್ಲಿ. ಅರ್ಥ ಹಿಂದಿನಿಂದ ಬರ್ತದ, ಅದಕ್ಕೇನ್ ಅವಸರ ನಿನಗ?" ಎಂದು ಗದರುವಳು.

ಕೊರಿಯನ್ನನ್ನೂ ಹಾಗೆಯೇ ಕಲಿಯತೊಡಗಿದೆ. ಸಂಜೆ ಆಕೆ ಚಹಾ ಮಾಡುವಳು, ನಾನು ಚುಡುವಾ ಒಯ್ಯುವೆ. ಶಹಾಬಾದ ಪರಸಿಕಲ್ಲಿನ ತಣ್ಣನೆಯ ನೆಲದ ಮೇಲೆ ಕೂತು ಆಕೆ ಮೊದಲ ಸಾಲು, ನಾನು ಎರಡನೆಯದು. ಎಲ್ಲವನ್ನೂ ಕನ್ನಡ ಅಕ್ಷರದಲ್ಲಿ ಬರೆದುಕೊಂಡೆ. ಒಂದು ಚಪ್ಪಾಳೆಯ ಹಾಡಿತ್ತು, ಮಕ್ಕಳದಿರಬೇಕು, ಅದನ್ನು ಹಾಡುವಾಗ ಇಬ್ಬರೂ ಹುಡುಗಿಯರ ಹಾಗೆ ನಗುತ್ತಿದ್ದೆವು. ಹಾಡುಗಳು ಹೆಚ್ಚಿದವು, ಅರ್ಥ ಬರಲಿಲ್ಲ. ಆಕೆ ಮೋಡ ತೋರಿಸಿ, ಬಟ್ಟಲು ತೋರಿಸಿ ಹೇಳಿಕೊಟ್ಟ ಹತ್ತಿಪ್ಪತ್ತು ಶಬ್ದಗಳಷ್ಟೇ ನನ್ನ ಗಂಟು. ಅವ್ವನ ಹಾಡುಗಳ ಭಾಷೆ ನನಗೆ ಮನೆಯಲ್ಲೇ ಮೊದಲು ಸಿಕ್ಕಿತ್ತು, ಇಲ್ಲಿ ಹಾಗಿಲ್ಲ ಎಂಬುದು ತಲೆಗೆ ಹೊಳೆಯಲೇ ಇಲ್ಲ. ಹೆಸರಿಗೆ ಟೀಚರ್!

ಮುಂದಿನ ಬೇಸಿಗೆಯ ಒಂದು ಸಂಜೆ ಆಕೆಯೇ ನನ್ನ ಮನೆಗೆ ಬಂದಳು. ಕಣ್ಣು ಊದಿಕೊಂಡಿದ್ದವು. ನೆಲದ ಮೇಲೆ ಕೂತು ತನ್ನ ಭಾಷೆಯಲ್ಲೇ ಮಾತಾಡಿದಳು, ಮಾತಾಡಿದಳು, ನಡುನಡುವೆ ಬಿಕ್ಕಿದಳು. ಅಷ್ಟು ದಿನ ಕಾದಿದ್ದೆನಲ್ಲ, ಒಬ್ಬರು ನನ್ನೆದುರು ಮನಸ್ಸು ಬಿಚ್ಚಲಿ ಎಂದು. ಬಿಚ್ಚಿದಾಗ ನನಗೆ ಏನೂ ತಿಳಿಯಲಿಲ್ಲ. ಗಂಡನ ಜೊತೆ ಜಗಳವಾಗಿರಬೇಕು ಎಂದುಕೊಂಡೆ. ಆಕೆಯನ್ನು ನಗಿಸಲು ನನ್ನ ಹತ್ತಿರ ಇದ್ದದ್ದು ಒಂದೇ. ಆ ಚಪ್ಪಾಳೆಯ ಹಾಡು ಹಾಡಿದೆ, ಚಪ್ಪಾಳೆ ತಟ್ಟಿ, ತಲೆ ಕುಣಿಸಿ, ಪೂರ್ತಿ ಹಾಡಿದೆ. ಆಕೆ ನನ್ನನ್ನೇ ನೋಡುತ್ತ ಕೂತಳು. ಹೊತ್ತು ಮುಳುಗಿದ ಮೇಲೆ ಎದ್ದು ಹೋದಳು.

ಮರುದಿನ ಸ್ಟಾಫ್ ರೂಮಿನಲ್ಲಿ ವಿಷಯ ಬಂತು. ಆಕೆಯ ತಾಯಿ ತೀರಿಹೋಗಿದ್ದಳು. ಹೋಗಿ ಮುಟ್ಟುವಷ್ಟರಲ್ಲಿ ಮಣ್ಣಾಗಿರುತ್ತದೆ ಎಂದು ಆಕೆ ಊರಿಗೆ ಹೋಗಲಿಲ್ಲವಂತೆ. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ತಾಯಿ ಸತ್ತವಳ ಮುಂದೆ ಚಪ್ಪಾಳೆ ತಟ್ಟಿದ್ದೆ.

ಆ ಸಂಜೆ ಆಕೆಯ ಮನೆಗೆ ಹೋಗಲಿಲ್ಲ. ಮರುಸಂಜೆಯೂ ಹೋಗಲಿಲ್ಲ. ಮೂರನೆಯ ದಿನ ಆಕೆಯೇ ಬಂದು ಬಾಗಿಲು ತಟ್ಟಿದಳು. ಒಳಗಿನ ಚಿಲಕ ಹಾಕಿಕೊಂಡು ಉಸಿರು ಬಿಗಿಹಿಡಿದು ಕೂತೆ. ಯಾವ ಮುಖ ತೋರಿಸಲಿ? ಇಂಗ್ಲಿಷಿನ ಒಂದು 'ಸಾರಿ' ಬಿಟ್ಟರೆ ತಪ್ಪಾಯಿತು ಎನ್ನಲು ಯಾವ ಮಾತಿತ್ತು ನನ್ನ ಹತ್ತಿರ? ಹೊರಗೆ ಆಕೆ ಅದೇ ಚಪ್ಪಾಳೆಯ ಹಾಡಿನ ಮೊದಲ ಸಾಲು ಹಾಡಿ ನಿಲ್ಲಿಸಿದಳು. ಸ್ವಲ್ಪ ತಡೆದು ಮತ್ತೆ ಅದೇ ಸಾಲು. ನನ್ನನ್ನು ಆಡಿಸುತ್ತಿದ್ದಾಳೆ, ಇಲ್ಲವೇ ಬೈಯುತ್ತಿದ್ದಾಳೆ ಎಂದೇ ತಿಳಿದೆ. ಮೂರನೆಯ ಸಲ ಹಾಡಿ ಹೊರಟುಹೋದಳು. ಮುಂದೆ ದಾರಿಯಲ್ಲಿ ಸಿಕ್ಕರೆ ನಾನೇ ತಲೆ ತಗ್ಗಿಸಿ ದಾಟುತ್ತಿದ್ದೆ. ಎರಡು ತಿಂಗಳಲ್ಲಿ ಯಂತ್ರದ ಕೆಲಸ ಮುಗಿದು ಅವರು ಹೋದರು. ಪಕ್ಕದ ಮನೆಯಾಕೆ ಆ ಹಾಡುಗಳ ಒಂದು ಕ್ಯಾಸೆಟ್ ತಂದುಕೊಟ್ಟು, "ನಿಮಗ ಕೊಡಂತ ಕೊಟ್ಟಾಳ್ರಿ. ಭಾಳ ಹೊತ್ತು ನಿಮ್ಮ ಬಾಗ್ಲಾನೇ ನೋಡ್ಕೋತ ನಿಂತಿದ್ಳು" ಎಂದಳು.

ನಾಲ್ಕು ವರ್ಷದ ಮೇಲೆ ಅವ್ವ ಹೋದಳು. ಹದಿಮೂರು ದಿನ ಚಿತ್ತಾಪುರದ ಮನೆ ತುಂಬ ಜನ. ಎಲ್ಲರೂ ನನ್ನ ಭಾಷೆಯಲ್ಲೇ ಸಮಾಧಾನ ಹೇಳಿದರು, ಒಂದು ಮಾತೂ ಒಳಗಿಳಿಯಲಿಲ್ಲ. ವಾಡಿಗೆ ಮರಳಿ, ಬೀಗ ತೆಗೆದು, ಚಹಾಕ್ಕೆ ನೀರಿಟ್ಟಾಗ ಅವ್ವನ ಹಾಡೊಂದರ ಮೊದಲ ಸಾಲು ತಾನಾಗಿ ಬಾಯಿಗೆ ಬಂತು. ಹಾಡಿ ನಿಲ್ಲಿಸಿದೆ. ಮತ್ತೆ ಅದೇ ಸಾಲು ಹಾಡಿದೆ. ಯಾರಾದರೂ ಮುಂದಿನದನ್ನು ಹಿಡಿಯಲಿ ಎಂದು ಕಾಯುತ್ತ ಖಾಲಿ ಖೋಲಿಯಲ್ಲಿ ನಿಂತಿದ್ದೆ.

ಆಗ ಆ ಮುಚ್ಚಿದ ಬಾಗಿಲು ನೆನಪಾಯಿತು. ಆಕೆ ಅಂದು ನನ್ನಿಂದ ಕೇಳಿದ್ದು ಎರಡನೆಯ ಸಾಲೊಂದೇ. ಅದು ನನಗೆ ಬರುತ್ತಿತ್ತು.